ಕಾಲಿನ ಮೂಳೆ ದವಡೆಯಾಗುವಾಗ ತ್ರೀಡಿ ಪ್ರಿಂಟಿಂಗ್ ಏಕೆ?

ಪ್ರಶ್ನೆ: ತಂದೆಯವರಿಗೆ 58 ವರ್ಷ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದೆ. ಈಗ ಕೆಳದವಡೆಯ ವಸಡಿನಲ್ಲಿ ಕ್ಯಾನ್ಸರ್. ದವಡೆಯ ಒಂದು ಭಾಗ ತೆಗೆದು ಕಾಲಿನ ಮೂಳೆ ಜೋಡಿಸಬೇಕು, ತ್ರೀಡಿ ಪ್ರಿಂಟಿಂಗ್ ಮಾಡಿಸಿದರೆ ಒಳ್ಳೆಯದು ಎಂದು ಮಂಗಳೂರಿನ ವೈದ್ಯರು ಹೇಳಿದ್ದಾರೆ. ಮೂಳೆ ಕಾಲಿನದೇ ಆದರೆ ಪ್ರಿಂಟ್ ಮಾಡುವುದು ಏನನ್ನು? ಈ ಖರ್ಚು ಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: ತಂದೆಯವರ ಬಾಯಲ್ಲಿ ಉಳಿಯುವುದು ಅವರದೇ ಮೂಳೆ ಮತ್ತು ಅದನ್ನು ಹಿಡಿದಿಡುವ ಟೈಟಾನಿಯಂ ಪಟ್ಟಿ. ಪ್ರಿಂಟ್ ಆಗುವುದು ಅಳತೆ.

ಸಿ.ಟಿ. ಸ್ಕ್ಯಾನ್ ದವಡೆಯನ್ನು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಪದರಗಳಲ್ಲಿ ತೋರಿಸುತ್ತದೆ. ಅದರಿಂದ ಮೂಳೆಯನ್ನಷ್ಟೇ ಕಂಪ್ಯೂಟರಿನಲ್ಲಿ ಬೇರ್ಪಡಿಸಿ ಪ್ರಿಂಟರಿಗೆ ಕೊಟ್ಟರೆ, ಪದರದ ಮೇಲೆ ಪದರ ಕೂಡಿ ಕೆಲವೇ ಗಂಟೆಗಳಲ್ಲಿ ಅವರ ದವಡೆಯ ಪ್ರತಿರೂಪ ಸಿದ್ಧ. ಕಿವಿಯೊಳಗೆ ಕೂರುವ ಶ್ರವಣಸಾಧನಗಳ ಕವಚವೂ ಇಂದು ಹೆಚ್ಚಾಗಿ ಹೀಗೆಯೇ ತಯಾರಾಗುತ್ತದೆ.

ಕಾಲಿನಿಂದ ತೆಗೆಯುವುದು ಫಿಬುಲಾ ಎಂಬ ತೆಳ್ಳನೆಯ ಮೂಳೆ. ಮೈಭಾರವನ್ನು ಪಕ್ಕದ ದಪ್ಪ ಮೂಳೆಯೇ ಹೊರುವುದರಿಂದ, ಎರಡೂ ತುದಿ ಉಳಿಸಿ ನಡುಭಾಗ ತೆಗೆಯಬಹುದು. ಆದರೆ ಅದು ನೇರ, ದವಡೆ ಬಾಗು. ಎರಡು ಮೂರು ತುಂಡುಗಳಾಗಿ ಓರೆಯಾಗಿ ಕತ್ತರಿಸಿ ಬಾಗು ಕೂಡಿಸಬೇಕು. ಕೋನ ತುಸು ತಪ್ಪಿದರೂ ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ತಾಳೆಯಾಗದು. ಎಲ್ಲಿ, ಯಾವ ಓರೆಯಲ್ಲಿ ಕತ್ತರಿಸಬೇಕೆಂದು ತೋರಿಸುವ ಅಚ್ಚನ್ನೂ ಪ್ರಿಂಟ್ ಮಾಡುತ್ತೇವೆ. ಮಾರ್ಗದರ್ಶಿ ಎನ್ನುವ ಈ ಅಚ್ಚು ಮೂಳೆಯ ಮೇಲೆ ಕಚ್ಚಿ ಕೂರುತ್ತದೆ. ಗರಗಸದ ಅಲಗು ಹಿಡಿಯುವಷ್ಟೇ ಸೀಳು ಅದರಲ್ಲಿರುತ್ತದೆ. ಹಿಂದೆ ಟೈಟಾನಿಯಂ ಪಟ್ಟಿಯನ್ನು ತೆರೆದ ದವಡೆಗೆ ಹಿಡಿದು, ಬಗ್ಗಿಸಿ, ಮತ್ತೆ ಹಿಡಿದು ನೋಡುತ್ತಿದ್ದೆ. ಈಗ ಮುನ್ನಾದಿನವೇ ಪ್ರಿಂಟ್ ಮಾಡಿದ ದವಡೆಯ ಮಾದರಿಯ ಮೇಲೆ ಬಗ್ಗಿಸಿ, ಸೋಂಕುರಹಿತ ಮಾಡಲು ಕಳುಹಿಸುತ್ತೇನೆ. ಕಾಲಿನಿಂದ ಬಿಡಿಸಿದ ಮೂಳೆಗೆ, ಕುತ್ತಿಗೆಯ ರಕ್ತನಾಳಕ್ಕೆ ಹೊಲಿಯುವವರೆಗೆ ರಕ್ತವಿರುವುದಿಲ್ಲ. ಹೀಗೆ ಉಳಿತಾಯವಾದ ಪ್ರತಿ ನಿಮಿಷವೂ ಆ ಮೂಳೆಗೆ ಸಲ್ಲುತ್ತದೆ.

ಖರ್ಚಿನ ಮಾತು. ಬದಿಯ ಚಿಕ್ಕ, ನೇರ ಭಾಗ ಮಾತ್ರ ಹೋಗುವುದಾದರೆ ಇದಿಲ್ಲದೆಯೂ ಚೆನ್ನಾಗಿ ಮಾಡಬಹುದು. ಗದ್ದದ ಭಾಗ ಸೇರಿದ್ದರೆ ದಯವಿಟ್ಟು ಬೇಡವೆನ್ನಬೇಡಿ. ಆದರೆ ಮಾದರಿ ಮತ್ತು ಮಾರ್ಗದರ್ಶಿ ಸಾಕು. ಟೈಟಾನಿಯಂ ಪಟ್ಟಿಯನ್ನೇ ಪ್ರಿಂಟ್ ಮಾಡಿಸುವುದು ಬಹಳ ದುಬಾರಿ, ಕಡ್ಡಾಯವೂ ಅಲ್ಲ. ಸರ್ಕಾರಿ ಯೋಜನೆಯಲ್ಲಿ ಏನೆಲ್ಲ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಹೊಗೆಸೊಪ್ಪು ಇಂದೇ ನಿಲ್ಲಲಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ, ಹೊಲಿದ ನಾಳ ಕಟ್ಟಿದರೆ ಮೂಳೆಯೇ ಸಾಯುತ್ತದೆ.

ಇನ್ನೊಂದು ವಿಷಯ. ಮನೆಯ ಭೂತಕೋಲ ಮುಗಿಸಿ ಬರುತ್ತೇನೆಂದು ಹೋದ ರೋಗಿಯೊಬ್ಬರು ಎರಡು ತಿಂಗಳು ಬಿಟ್ಟು ಬಂದರು. ಕತ್ತರಿಸಲು ಗುರುತಿಸಿದ್ದ ಗೆರೆಯನ್ನು ಗಡ್ಡೆ ದಾಟಿತ್ತು. ಅವರಿಗೆಂದೇ ಮಾಡಿದ ಮಾರ್ಗದರ್ಶಿಯನ್ನು ಬದಿಗಿಟ್ಟು, ಹೆಚ್ಚು ದವಡೆ ತೆಗೆಯಬೇಕಾಯಿತು. ಸಿ.ಟಿ.ಗೂ ಶಸ್ತ್ರಚಿಕಿತ್ಸೆಗೂ ನಡುವೆ ವಾರಗಳು ಉರುಳದಂತೆ ಈಗಲೇ ದಿನ ಗೊತ್ತುಮಾಡಿಸಿಕೊಳ್ಳಿ.