ಮೈಸೂರಿನಲ್ಲಿ ಹೆಂಗಸರಿಗೆ ಹೊಲಿಗೆ ಅಂಗಡಿ ಹಾಕಲು ಬೇಗ ದುಡ್ಡು ಸಿಗುವ ಯೋಜನೆ ಯಾವುದು?

ಗಂಡನ ಮನೆ ಬಿಟ್ಟು ಬಂದಿದ್ದೀರಿ, ಒಬ್ಬ ಮಗ ಇದ್ದಾನೆ, ಪಿಯುಸಿ ಆಗಿದೆ, ಹೊಲಿಗೆ ಸ್ವಲ್ಪ ಬರುತ್ತದೆ. ಬ್ಯಾಂಕ್ ಸಾಲಕ್ಕೆ ಸಬ್ಸಿಡಿ ಕೊಡುವ ರಾಜ್ಯದ ಉದ್ಯೋಗಿನಿ ಬೇಗ ಆಗುತ್ತದಾ, ಚಿಕ್ಕ ಉದ್ಯೋಗಕ್ಕೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಬೇಗ ಆಗುತ್ತದಾ ಅಂತ ಕೇಳಿದ್ದೀರಿ. ಮಗನ ಜಾಗದಲ್ಲಿ ಮಗಳು ಅಂತ ಹಾಕಿಬಿಟ್ಟರೆ ಇದು ನಾನೇ ಬರೆದ ಪ್ರಶ್ನೆ. ನಿಮಗಿಂತ ದೊಡ್ಡವಳು ನಾನು, ತಂಗಿ ಅಂದುಕೊಂಡೇ ಬರೆಯುತ್ತಿದ್ದೇನೆ. ಬೈದ ಹಾಗೆ ಕಂಡರೆ ಬೇಜಾರು ಮಾಡ್ಕೋಬೇಡಿ.

ನಾನು ತವರಿಗೆ ಬಂದಾಗ ಅಣ್ಣ ಒಂದು ರೂಮು ಬಿಟ್ಟುಕೊಟ್ಟ. ಅತ್ತಿಗೆ ಮಾತು ಅಷ್ಟಕ್ಕಷ್ಟೇ. ಹೇಗಾದರೂ ನಾಲ್ಕು ಕಾಸು ದುಡಿಯಬೇಕು ಅನ್ನುವ ಆತುರ ನನಗೆ. ಬೀದಿ ಕೊನೆಯಲ್ಲಿ ಒಬ್ಬರು ಟೈಲರಿಂಗ್ ಕ್ಲಾಸು ನಡೆಸುತ್ತಿದ್ದರು. ಫೀಸು ಕಟ್ಟಿ ಸೇರಿದೆ. ಸರ್ಟಿಫಿಕೇಟು ಬಂತು, ಕೆಲಸ ಬರಲಿಲ್ಲ. ನೈಟಿ, ಲಂಗ, ಮಕ್ಕಳ ಫ್ರಾಕು ಹೊಲಿಯುತ್ತಿದ್ದೆ. ಬ್ಲೌಸು ಹೊಲಿದರೆ ಮಾತ್ರ ಕಂಕುಳ ಹತ್ತಿರ ಸುಕ್ಕು. ಬ್ಲೌಸು ಸರಿಯಾಗಿ ಬಾರದಿದ್ದರೆ ಈ ಊರಲ್ಲಿ ಹೊಲಿಗೆಯಿಂದ ಹೊಟ್ಟೆ ತುಂಬಲ್ಲ.

ಆಮೇಲೆ ಮಾಡಿದ ಕೆಲಸ ನೋಡಿ. ಉದ್ಯೋಗಿನಿಗೆ ಅರ್ಜಿ ಹಾಕುವ ಮೊದಲೇ ಮೆಷಿನ್ ಕೊಂಡುಬಿಟ್ಟೆ.

ಕೈಯಲ್ಲಿ ಮೆಷಿನ್ ಇದ್ದರೆ ಬ್ಯಾಂಕಿನವರು "ಇವಳು ಕೆಲಸ ಮಾಡುವವಳು" ಅಂತ ನಂಬುತ್ತಾರೆ ಅಂದುಕೊಂಡಿದ್ದೆ. ಮಹಿಳೆಯರ ಗುಂಪಿಗೆ ಸಾಲ ಕೊಡುವ ಫೈನಾನ್ಸಿನಲ್ಲಿ ವಾರದ ಕಂತಿನ ಸಾಲ ತೆಗೆದು, 26,000ಕ್ಕೆ ಪವರ್ ಮೆಷಿನ್ ತಂದೆ. ಬಿಲ್ಲನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅರ್ಜಿಗೆ ಸೇರಿಸಿ, ಬ್ಯಾಂಕಿಗೂ ಒಯ್ದೆ. ಅಲ್ಲಿದ್ದವರು ಬಿಲ್ಲಿನ ಮೇಲಿನ ತಾರೀಖು ನೋಡಿದರು. "ಮೆಷಿನ್ ಆಗಲೇ ತಗೊಂಡಿದ್ದೀರಲ್ಲಮ್ಮ, ಮತ್ತೆ ಸಾಲ ಯಾವುದಕ್ಕೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಕೇಳಿದ್ದು ಸರಿಯಾಗೇ ಇತ್ತು.

ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಉದ್ದ ಮಾಡಿ ಹೇಳುತ್ತೇನೆ. ಇಂಥ ಸಾಲ ಕೊಡುವುದು ಮುಂದೆ ಕೊಳ್ಳುವ ಸಾಮಾನಿಗೆ. ಅದಕ್ಕೇ ಬಿಲ್ ಕೇಳುವುದಿಲ್ಲ, ಕೊಟೇಷನ್ ಕೇಳುತ್ತಾರೆ. ಕೊಟೇಷನ್ ಅಂದರೆ ಅಂಗಡಿಯವರು ತಮ್ಮ ಲೆಟರ್‌ಹೆಡ್‌ನಲ್ಲಿ "ಈ ಮೆಷಿನ್, ಇಷ್ಟು ಬೆಲೆ" ಅಂತ ಬರೆದು, ಸೀಲು ಹಾಕಿ ಕೊಡುವ ಹಾಳೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸಾಲ ಮಂಜೂರಾದ ಮೇಲೆ ಸಾಮಾನ್ಯವಾಗಿ ದುಡ್ಡು ನೇರವಾಗಿ ಅಂಗಡಿಯವರ ಖಾತೆಗೆ ಹೋಗುತ್ತದೆ. ಬಿಲ್ ಹುಟ್ಟುವುದು ಆಗ. ಮೊದಲು ಕೊಟೇಷನ್, ಆಮೇಲೆ ಮಂಜೂರಾತಿ, ಆಮೇಲೆ ಮೆಷಿನ್, ಕೊನೆಗೆ ಬಿಲ್. ಮಂಜೂರಾತಿಗಿಂತ ಹಿಂದಿನ ತಾರೀಖಿನ ಬಿಲ್ ಕೊಟ್ಟರೆ, ನಿಮಗೆ ಈ ಸಾಲದ ಅಗತ್ಯವಿಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ. ನಾನು ಮಾಡಿದ್ದು ಅದನ್ನೇ. ಕೈಬಿಟ್ಟು ಹೋದದ್ದು ಸಣ್ಣದಲ್ಲ. ಉದ್ಯೋಗಿನಿಯಲ್ಲಿ 3 ಲಕ್ಷದವರೆಗೆ ಖರ್ಚಾಗುವ ಉದ್ಯೋಗಕ್ಕೆ ಎಸ್‌ಸಿ, ಎಸ್‌ಟಿ ಹೆಂಗಸರಿಗೆ ಅರ್ಧದಷ್ಟು, ಉಳಿದವರಿಗೆ ಶೇ. 30, ಅಂದರೆ ಹೆಚ್ಚೆಂದರೆ 90,000 ಸಬ್ಸಿಡಿ ಇದೆ.

ಅದು ಹೋಯಿತು, ವಾರದ ಕಂತು ಮಾತ್ರ ನಿಲ್ಲಲಿಲ್ಲ. ಗುಂಪಿನ ಸಾಲ ತೆಗೆದವರಿಗೆ ಗೊತ್ತಿರುತ್ತದೆ. ಒಬ್ಬರ ಮನೆ ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕೂರಬೇಕು. ಫೀಲ್ಡಿನ ಹುಡುಗ ನೋಟು ಎಣಿಸಿ ಟ್ಯಾಬಿನಲ್ಲಿ ಒತ್ತುತ್ತಾನೆ. ಒಬ್ಬಳ ಕಂತು ಕಡಿಮೆ ಬಿದ್ದರೂ ಯಾರೂ ಏಳುವ ಹಾಗಿಲ್ಲ. ಒಂದು ವಾರ ಕಡಿಮೆ ಬಿದ್ದದ್ದು ನನ್ನದು. ಒಲೆ ಮೇಲೆ ಅನ್ನ ಇಟ್ಟು ಬಂದವರು, ಮಗುವನ್ನು ಸ್ಕೂಲಿಂದ ಕರೆತರಬೇಕಾದವರು, ಎಲ್ಲರೂ ನನ್ನ ಮುಖ ನೋಡುತ್ತಾ ಕೂತಿದ್ದರು. ಕೊನೆಗೆ ಐವತ್ತು, ನೂರು ಅಂತ ಅವರೇ ಸೇರಿಸಿ ಕೊಟ್ಟರು. ಆಮೇಲೆ ಬೀದಿಯಲ್ಲಿ ಸಿಕ್ಕರೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಆ ಮೆಷಿನನ್ನು 14,000ಕ್ಕೆ ಮಾರಿ ಸಾಲದ ಬಾಲ ಕತ್ತರಿಸಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಯಾವುದು ಬೇಗ" ಅಂತ ಕೇಳಲೇಬೇಡಿ. ಬೇಗ ಸಿಗುವುದು ವಾರದ ಕಂತಿನ ಸಾಲ ಒಂದೇ. ಉದ್ಯೋಗಿನಿಗೆ ವರ್ಷಪೂರ್ತಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಕರೆದಾಗ ಹಾಕಬೇಕು, ತಾಲೂಕಿಗೆ ಇಷ್ಟು ಅಂತ ಗುರಿ ಇರುತ್ತದೆ, ಆಯ್ಕೆ ಸಮಿತಿ ಬೇರೆ. ತಾಲೂಕಿನ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಿಡಿಪಿಓ ಆಫೀಸಿನಲ್ಲಿ ಯಾವಾಗ ಕರೆಯುತ್ತಾರೆ ಅಂತ ಕೇಳಿಟ್ಟುಕೊಳ್ಳಿ, ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ನೀವು ಮೊದಲು ಹೋಗಬೇಕಾದ್ದು ತರಬೇತಿಗೆ. "ಸ್ವಲ್ಪ ಬರುತ್ತದೆ" ಅಂದಿರಲ್ಲ, ಆ ಸ್ವಲ್ಪಕ್ಕೆ ಯಾರೂ ದುಡ್ಡು ಕೊಡಲ್ಲ. ರುಡ್‌ಸೆಟ್ ಸಂಸ್ಥೆ ಅಂತ ಕೇಳಿರಬಹುದು, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಧರ್ಮಸ್ಥಳದವರು ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ್ದು. ಆಮೇಲೆ ಅದೇ ಮಾದರಿಯಲ್ಲಿ ದೇಶದ ಎಲ್ಲ ಕಡೆ ಬ್ಯಾಂಕುಗಳು ಆರ್‌ಸೆಟಿ ಅಂತ ನಡೆಸುತ್ತಿವೆ. ಮೈಸೂರಿನಲ್ಲೂ ರುಡ್‌ಸೆಟ್ ಇದೆ. ಊಟ, ವಸತಿ, ತರಬೇತಿ ಎಲ್ಲ ಪುಕ್ಕಟೆ. ಹಳ್ಳಿ ಕಡೆಯ ಬಡವರಿಗೆ ಆದ್ಯತೆ. ನನ್ನ ರೇಷನ್ ಕಾರ್ಡು ನಂಜನಗೂಡು ತಾಲೂಕಿನಲ್ಲೇ ಇದ್ದದ್ದು ಆಗ ಒಳ್ಳೆಯದಾಯಿತು. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಸುಮಾರು ಒಂದು ತಿಂಗಳು ಅಲ್ಲೇ ಇದ್ದೆ.

ಅಲ್ಲಿ ಮೇಡಂ ಬಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಹಳೇ ಪೇಪರಿನಲ್ಲೇ ಕತ್ತರಿಸಬೇಕು. ನನ್ನ ಕಂಕುಳ ಗೆರೆ ನೋಡಿ, ಮುಂಭಾಗಕ್ಕೂ ಹಿಂಭಾಗಕ್ಕೂ ಒಂದೇ ಅಳತೆ ಹಾಕಿದ್ದೀಯಲ್ಲ ಅಂದರು. ಮುಂದಿನದು ಅರ್ಧ ಇಂಚು ಒಳಗೆ ಬಾಗಬೇಕಂತೆ. ಇಷ್ಟೇ ವಿಷಯ! ಫೀಸು ಕಟ್ಟಿದ ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಹೊಲಿಗೆಗಿಂತ ಹೆಚ್ಚು ಉಪಯೋಗವಾದದ್ದು ಮಾರ್ಕೆಟ್ ಸರ್ವೆ. ನಮ್ಮನ್ನು ಊರೊಳಗೆ ಕಳಿಸಿ, ಯಾವ ಅಂಗಡಿಯಲ್ಲಿ ಏನು ಬೇಕಾಗಿದೆ ಕೇಳಿಕೊಂಡು ಬನ್ನಿ ಅಂದರು. ಅರಸು ರೋಡಿನಲ್ಲಿ ಒಬ್ಬ ಸೀರೆ ಅಂಗಡಿಯವರು ನೇರವಾಗಿ ಹೇಳಿದರು: "ಬ್ಲೌಸು ಹೊಲಿಯುವವರು ಗಲ್ಲಿಗೆ ನಾಲ್ಕು ಜನ ಇದ್ದಾರಮ್ಮ. ಫಾಲ್ಸು, ಪಿಕೋ, ಕುಚ್ಚು ಹೇಳಿದ ದಿನಕ್ಕೆ ತಂದುಕೊಡುವವರು ಇದ್ದರೆ ಹೇಳಿ." ನನ್ನ ಸಂಸಾರ ಇವತ್ತು ನಡೆಯುತ್ತಿರುವುದು ಆ ಮಾತಿನಿಂದ. ಬ್ಲೌಸು ಹೊಲಿಯುತ್ತೇನೆ, ಆದರೆ ದಿನದ ದುಡ್ಡು ಕುಚ್ಚಿನದೇ. ಮದುವೆ ಸೀಸನ್ನಿನಲ್ಲಿ ಪಕ್ಕದ ಮನೆಯ ಇಬ್ಬರಿಗೂ ಕೆಲಸ ಕೊಡುತ್ತೇನೆ. ಅದಕ್ಕೇ ಹೇಳುವುದು, ಅಂಗಡಿ ಬಾಡಿಗೆ ಹಿಡಿಯುವ ಯೋಚನೆ ಸದ್ಯಕ್ಕೆ ಬಿಡಿ. ಅಡ್ವಾನ್ಸ್ ಕೊಡುವ ದುಡ್ಡಿನಲ್ಲಿ ಪಿಕೋ ಮೆಷಿನ್ ಬರುತ್ತದೆ.

ತರಬೇತಿ ಮುಗಿದ ಮೇಲೆ ಮುದ್ರಾದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಶಿಶು ಸಾಲ ತೆಗೆದೆ. 50,000ದವರೆಗೆ, ಜಾಮೀನು ಬೇಡ, ಸಬ್ಸಿಡಿ ಇಲ್ಲ. ಈ ಸಲ ಕೊಟೇಷನ್ ಹಿಡಿದುಕೊಂಡು ಹೋದೆ. ಸಬ್ಸಿಡಿ ಇಲ್ಲ ಅಂತ ಮುದ್ರಾ ಬೇಡ ಅನ್ನುವವರನ್ನು ತುಂಬಾ ನೋಡಿದ್ದೇನೆ. ಸಬ್ಸಿಡಿಗೆ ಕಾಯುತ್ತಾ ಎರಡು ಮದುವೆ ಸೀಸನ್ ಕಳೆದುಕೊಂಡರೆ ಅದೂ ನಷ್ಟವೇ ಅಲ್ವಾ?

ಕೈಕಸುಬಿನವರಿಗೆ ಕೇಂದ್ರ ಸರ್ಕಾರ ಮಾಡಿರುವ ಪಿಎಂ ವಿಶ್ವಕರ್ಮ ಯೋಜನೆಯನ್ನೂ ನೋಡಿ, ದರ್ಜಿ ಕೆಲಸ ಅದರ 18 ಕಸುಬುಗಳಲ್ಲಿ ಒಂದು. ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. ಆದರೆ ಆ ಕಸುಬನ್ನು ಆಗಲೇ ಮಾಡುತ್ತಿರಬೇಕು, ಮುದ್ರಾ ಸಾಲ ಬಾಕಿ ಇರಬಾರದು. ತೀರಿಸಿದ್ದರೆ ಅಡ್ಡಿಯಿಲ್ಲ. ಮೊದಲು ಯಾವುದು, ಆಮೇಲೆ ಯಾವುದು ಅಂತ ಕೂತು ಯೋಚನೆ ಮಾಡಿ.

ಇನ್ನೊಂದು. ನಿಮ್ಮ ಹೆಸರು ಇನ್ನೂ ಅತ್ತೆ ಮನೆ ರೇಷನ್ ಕಾರ್ಡಿನಲ್ಲಿದ್ದರೆ ಗೃಹಲಕ್ಷ್ಮಿಯ 2,000 ಅಲ್ಲಿನ ಯಜಮಾನಿಗೇ ಹೋಗುತ್ತದೆ. ಹೆಸರು ತೆಗೆಸಿ, ನಿಮ್ಮದೇ ಕಾರ್ಡಿಗೆ ಅರ್ಜಿ ಹಾಕಿ. ಸಾಲ ಮಾಡಿಸಿಕೊಡ್ತೀನಿ ಅಂತ ಬರುವ ಏಜೆಂಟರು ಜಿಎಸ್‌ಟಿ ನಂಬರು ಬೇಕೇ ಬೇಕು ಅನ್ನುತ್ತಾರೆ. ಸುಮ್ನೆ ಮಾಡಿಸಬೇಡಿ. ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಗೃಹಲಕ್ಷ್ಮಿ ಇಲ್ಲ. ಚಿಕ್ಕ ಕೆಲಸಕ್ಕೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಸಾಕು, ಅದೂ ಪುಕ್ಕಟೆ. ಗಂಡನ ಕಡೆಯಿಂದ ಹೊಡೆತ, ಬೆದರಿಕೆ ಏನಾದರೂ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಅದಕ್ಕೆ ಯಾವ ಕಾಗದವೂ ಬೇಡ.

ನಿಮ್ಮ ಕಾರ್ಡು ಯಾವ ತಾಲೂಕಿನದು, ಈಗಾಗಲೇ ಯಾವುದಾದರೂ ಗುಂಪಿನ ಸಾಲ ಇದೆಯಾ, ಇವೆರಡನ್ನು ಬರೆಯಿರಿ. ಸಾಲ ಇದ್ದರೆ ಮುಚ್ಚಿಡಬೇಡಿ, ಬ್ಯಾಂಕಿನವರಿಗೆ ಎಲ್ಲರ ಸಾಲದ ಲೆಕ್ಕ ಇಡುವ ಸಿಬಿಲ್‌ನಲ್ಲಿ ಹೇಗೂ ಕಾಣುತ್ತದೆ.