ರೆಡಿ ಪ್ಯಾಟರ್ನಿನ ಬ್ಲೌಸ್ ನನ್ನ ಮೈಗೆ ಕೂರುತ್ತಿಲ್ಲ, ಎಲ್ಲಿ ಸರಿಮಾಡಲಿ?

ನೀವು ಬರೆದಿರುವುದು ಇಷ್ಟು: ಹೊಸ ಮೆಷಿನ್ ತಗೊಂಡಿದ್ದೀರಿ. 36 ಸೈಜಿನ ಪ್ಯಾಟರ್ನ್ (ಬಟ್ಟೆ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚು) ಪ್ರಿಂಟ್ ತೆಗೆದು ಬ್ಲೌಸ್ ಹೊಲಿದಿದ್ದೀರಿ. ಎದೆ ಅಳತೆ ಸರಿ ಇದೆ. ಆದರೆ ಭುಜ ಜಾರುತ್ತದೆ, ಕೈ ಎತ್ತಿದರೆ ಇಡೀ ಬ್ಲೌಸ್ ಮೇಲೆ ಬರುತ್ತದೆ. ಕಂಕುಳು ಬಿಗಿ ಅನ್ನಿಸಿ ಅಲ್ಲಿ ಇನ್ನೂ ಅರ್ಧ ಇಂಚು ಕತ್ತರಿಸಿದಿರಿ, ಮೊದಲಿಗಿಂತ ಕೆಟ್ಟಿತು. ಸುಮ್ನೆ ಟೈಲರ್ ಹತ್ತಿರ ಹೋಗಲಾ ಅಂತ ಕೇಳಿದ್ದೀರಿ.

ಹೋಗಬೇಡಿ. ಎಡವಟ್ಟಾಗಿರುವುದು ಆ ಅರ್ಧ ಇಂಚಿನಲ್ಲಿ. ಹನ್ನೆರಡು ವರ್ಷದಿಂದ ನನ್ನ ಬ್ಲೌಸ್, ಕುರ್ತಾ ಎಲ್ಲ ನಾನೇ ಹೊಲಿದುಕೊಳ್ಳುತ್ತಿದ್ದೇನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ಬಿಗಿ ಅನ್ನಿಸಿದ ಕಡೆ ಕತ್ತರಿಸಿದರೆ ಸಡಿಲ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಕಂಕುಳಲ್ಲಿ ಇದು ಉಲ್ಟಾ. ತೋಳು ಕೂರಿಸುವ ರೌಂಡಿನ ತಳ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸಾಗಿ ಏಳುತ್ತದೆ. ಆ ತಳ ಕೆಳಗಿಳಿದರೆ ತೋಳು ಹೋಗಿ ಪಕ್ಕದ ಹೊಲಿಗೆಗೆ ಸೇರಿಕೊಳ್ಳುತ್ತದೆ. ಆಮೇಲೆ ನೀವು ಕೈ ಎತ್ತಿದಾಗೆಲ್ಲ ಅದು ಪಕ್ಕವನ್ನೂ ಹಿಡಿದೆಳೆಯುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಬ್ಲೌಸಿನ ಅಂಚು ಹೊಟ್ಟೆ ಬಿಟ್ಟು ಮೇಲೇರುವುದು ಹೀಗೆ. ಹಳೇ ಜುಬ್ಬಾಗಳ ಕಂಕುಳಲ್ಲಿ ಒಂದು ಚೌಕದ ತುಂಡು ಇರುತ್ತದಲ್ಲ, ಅದೂ ಕೈ ಆಡಲಿ ಅಂತಲೇ. ಅಲ್ಲಿ ಬಟ್ಟೆ ಕತ್ತರಿಸುವುದಿಲ್ಲ, ಸೇರಿಸುತ್ತಾರೆ.

ಹಾಗಾಗಿ ಮುಂದಿನ ಸಲ ಪ್ಯಾಟರ್ನಿನ ಆ ಜಾಗಕ್ಕೆ ಕಾಗದದ ಪಟ್ಟಿ ಅಂಟಿಸಿ ತಳವನ್ನು ಅರ್ಧ ಇಂಚು ಮೇಲಕ್ಕೆ ತನ್ನಿ. ಮುಂಭಾಗ, ಹಿಂಭಾಗ ಎರಡಕ್ಕೂ. ತೋಳಿನ ಕಾಗದದಲ್ಲೂ ಕಂಕುಳ ತುದಿ ಅಷ್ಟೇ ಮೇಲೆ ಬರಬೇಕು, ಇಲ್ಲದಿದ್ದರೆ ಜೋಡಿಸುವಾಗ ಒಂದು ಉದ್ದ, ಒಂದು ಗಿಡ್ಡ ಆಗುತ್ತದೆ. ಕತ್ತರಿಸುವ ಮೊದಲು ಟೇಪನ್ನು ಮಲಗಿಸದೆ ಅದರ ಅಂಚಿನ ಮೇಲೆ ನಿಲ್ಲಿಸಿ, ಹೊಲಿಗೆ ಬೀಳುವ ಗೆರೆಯ ಮೇಲೇ ಮೈಭಾಗದ ರೌಂಡ್, ತೋಳಿನ ರೌಂಡ್ ಎರಡನ್ನೂ ಅಳೆಯಿರಿ. ತೋಳಿನ ರೌಂಡ್ ಸುಮಾರು ಅರ್ಧ ಇಂಚು ಜಾಸ್ತಿ ಇದ್ದರೆ ಚೆನ್ನಾಗಿ ಕೂರುತ್ತದೆ. ಇನ್ನೊಂದು ವಿಷಯ. ಹೊಲಿದ ಕೂಡಲೇ ಹಾಕಿ ನೋಡಿ ಬಿಗಿ ಅಂದುಕೊಳ್ಳಬೇಡಿ. ರೌಂಡಿನ ಕೆಳಭಾಗದಲ್ಲಿ ಹೊಲಿಗೆಯಾಚೆ ಉಳಿಯುವ ಬಟ್ಟೆಗೆ, ಅಂದರೆ ಮಾರ್ಜಿನ್ನಿಗೆ, ಹೊಲಿಗೆಗೆ ತಾಗದ ಹಾಗೆ, ಚಿಕ್ಕ ಚಿಕ್ಕ ಕಟ್ ಕೊಡಿ. ಎಷ್ಟೋ ಸಲ ಬಿಗಿ ಅನ್ನಿಸುವುದು ಬಟ್ಟೆ ಅಲ್ಲಿ ಬಾಗದೆ ನಿಂತಿರುವುದರಿಂದ.

ಭುಜ ಜಾರುವುದಕ್ಕೆ ಬಹಳ ಜನ ಹಿಂದೆ ಡೋರಿ ಕಟ್ಟಿ ಮುಗಿಸುತ್ತಾರೆ. ಕಟ್ಟಿ, ಚೆಂದ ಕಾಣುತ್ತದೆ. ಆದರೆ ಎದೆ 36 ಇರುವ ಎಲ್ಲರ ಭುಜವೂ ಒಂದೇ ಅಗಲ ಇರುವುದಿಲ್ಲವಲ್ಲ, ಸರಿಮಾಡಬೇಕಾದ್ದು ಅಲ್ಲಿ. ಸುಲಭದ ದಾರಿ ಒಂದಿದೆ. ಹಿಂಭಾಗ ಕತ್ತರಿಸಲು ಬಟ್ಟೆ ಮಡಚಿ ಅದರ ಮೇಲೆ ಕಾಗದ ಇಡುತ್ತೀರಲ್ಲ, ಆಗ ಕೆಳತುದಿಯನ್ನು ಮಡಿಕೆಗೆ ಸರಿಯಾಗಿ ಇಟ್ಟು, ಕುತ್ತಿಗೆ ಕಡೆಯ ತುದಿ ಮಾತ್ರ ಮಡಿಕೆಯಿಂದ ಕಾಲು ಇಂಚು ಆಚೆ ಹೋಗುವಂತೆ ಓರೆ ಮಾಡಿ. ಬಿಡಿಸಿದಾಗ ಕುತ್ತಿಗೆ ಅರ್ಧ ಇಂಚು ಕಿರಿದಾಗಿರುತ್ತದೆ. ಸೊಂಟ ಹಾಗೇ ಇರುತ್ತದೆ. ಮುಂದೆ, ಹಿಂದೆ ಎರಡೂ ಕಡೆ ಡೀಪ್ ನೆಕ್ ಇಟ್ಟರೆ ಮಾತ್ರ ಇದೂ ಸಾಲದು. ಒಂದು ಕಡೆ ಆಸೆ ಬಿಡಬೇಕು.

ಸೈಜ್ ಏರಿಸುವುದು, ಇಳಿಸುವುದು ಮುಂದೆ ಬೇಕಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕಾಗದದಲ್ಲಿ ಕಾಣುವುದು ಮೈಯ ಕಾಲುಭಾಗ. 34ನ್ನು 36 ಮಾಡಬೇಕೆಂದರೆ 2 ಇಂಚನ್ನು ನಾಲ್ಕಕ್ಕೆ ಹಂಚಿ ಪ್ರತಿ ಪಕ್ಕಕ್ಕೂ ಅರ್ಧ ಇಂಚು ಸೇರಿಸಬೇಕು. ನಾನು ಮೊದಲ ಸಲ ಪ್ರತಿ ಪಕ್ಕಕ್ಕೂ ಪೂರ್ತಿ 2 ಇಂಚು ಸೇರಿಸಿದ್ದೆ. ಒಟ್ಟು 8 ಇಂಚು ದೊಡ್ಡದಾಯಿತು. ಅಮ್ಮ ಎತ್ತಿ ಹಿಡಿದು, "ಇದು ನಿನಗೋ, ನಿಮ್ಮಪ್ಪನಿಗೋ?" ಅಂದರು. ಮುಂದಿನದರಲ್ಲಿ ಎರಡು ತೋಳೂ ಎಡಗೈಯದೇ ಕತ್ತರಿಸಿದ್ದೆ. ತೋಳಿನ ಮುಂಬದಿ ಸ್ವಲ್ಪ ಜಾಸ್ತಿ ಒಳಗೆ ಬಾಗಿರುತ್ತದೆ. ಚಾಕ್‌ನಲ್ಲಿ "ಮುಂದೆ" ಅಂತ ಬರೆದಿಟ್ಟುಕೊಳ್ಳದೆ ಆದದ್ದು ಅದು.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಹತ್ತಿರ ಚೆನ್ನಾಗಿ ಕೂರುವ ಹಳೇ ಬ್ಲೌಸ್ ಒಂದಿದ್ದರೆ ಆ ಪ್ರಿಂಟ್‌ಗಿಂತ ಅದೇ ಮೇಲು. ಟೈಲರ್‌ಗಳು ಅಳತೆ ಬ್ಲೌಸ್ ಕೇಳುವುದು ಸುಮ್ಮನೆ ಅಲ್ಲ. ಹೇಗೂ ಬಣ್ಣ ಹೋಗಿರುವುದಾದರೆ ಧೈರ್ಯವಾಗಿ ಹೊಲಿಗೆ ಬಿಚ್ಚಿ, ಟಕ್ಸ್ (ಎದೆಯ ಆಕಾರಕ್ಕೆ ಹಿಡಿದು ಹೊಲಿದ ಚೂಪು ಮಡಿಕೆ) ಕೂಡ ಬಿಚ್ಚಿ. ಇಸ್ತ್ರಿ ಮಾಡುವಾಗ ಎಳೆಯಬೇಡಿ, ಒತ್ತಿ ಅಷ್ಟೇ, ಇಲ್ಲದಿದ್ದರೆ ಕುತ್ತಿಗೆಯ ಓರೆ ಭಾಗ ಹಿಗ್ಗುತ್ತದೆ. ಒಂದು ಬದಿಯನ್ನು ಮಾತ್ರ ದಪ್ಪ ಕಾಗದಕ್ಕೆ ಇಳಿಸಿಕೊಳ್ಳಿ. ನಾನು ಹಳೇ ಕ್ಯಾಲೆಂಡರ್ ಹಾಳೆ ಬಳಸುತ್ತೇನೆ. ಟಕ್ಸಿನ ತುದಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಸೂಜಿಯಲ್ಲಿ ತೂತು ಮಾಡಿ ಗುರುತು ಹಾಕಿ.

ಲೈನಿಂಗ್ ಹತ್ತಿಯದಾದರೆ ರಾತ್ರಿ ನೆನೆಸಿ, ಒಣಗಿಸಿಯೇ ಕತ್ತರಿಸಿ. ನಾನು ಅವಸರ ಮಾಡಿದ ಒಂದು ಬ್ಲೌಸ್ ಮೊದಲ ಒಗೆತಕ್ಕೇ ಒಳಗೆ ಕುಗ್ಗಿ, ಮೇಲಿನ ಬಟ್ಟೆ ಹಪ್ಪಳದ ಹಾಗೆ ಉಬ್ಬಿತು. ಮೆಷಿನ್ ಸೂಜಿ ಮಾಮೂಲಿ ಹತ್ತಿಗೆ 14 ನಂಬರ್, ತೆಳು ರೇಷ್ಮೆಗೆ 11. ಗುಳೇದಗುಡ್ಡದ ಖಣ ಹೊಲಿಯುವ ಆಸೆ ಇದ್ದರೆ ಸ್ವಲ್ಪ ತಾಳಿ. ಅದರ ಅಂಚು ತೋಳಿಗೆ ಸರಿಯಾಗಿ ಬರಬೇಕು, ತಪ್ಪಿ ಕತ್ತರಿಸಿದರೆ ಮತ್ತೆ ಜೋಡಿಸಲು ಬಟ್ಟೆ ಉಳಿಯುವುದಿಲ್ಲ. ಮೊದಲ ಮೂರ್ನಾಲ್ಕು ಬ್ಲೌಸ್ ಹಳೇ ಬೆಡ್‌ಶೀಟಿನಲ್ಲೇ ಆಗಲಿ.

ಈಗ ಹಾಳಾಯಿತು ಅಂದುಕೊಂಡ ಆ ಬ್ಲೌಸನ್ನೂ ಬಿಸಾಡಬೇಡಿ. ತೋಳಿನ ಮೇಲ್ಭಾಗದ ಹೊಲಿಗೆ ಬಿಚ್ಚಿ, ಭುಜದ ಹೊಲಿಗೆಯನ್ನು ಅರ್ಧ ಇಂಚು ಒಳಗೆ ಹಿಡಿದು ಕಚ್ಚಾ ಹೊಲಿಗೆ ಹಾಕಿ, ತೊಟ್ಟು ಕೈ ಎತ್ತಿ ನೋಡಿ. ರೌಂಡೂ ಮೇಲೆ ಬರುತ್ತದೆ, ಕುತ್ತಿಗೆಯೂ ಏರುತ್ತದೆ. ಉದ್ದ ಸ್ವಲ್ಪ ಕಡಿಮೆ ಆಗುತ್ತದೆ, ಕೆಳಗಿನ ಮಡಿಕೆಯಲ್ಲಿ ಬಟ್ಟೆ ಇದ್ದರೆ ಬಿಚ್ಚಿಕೊಳ್ಳಿ. ಸರಿ ಅನ್ನಿಸಿದರೆ ತೋಳಿನ ಮೇಲ್ಭಾಗವನ್ನೂ ಅಷ್ಟಕ್ಕೆ ತಕ್ಕಂತೆ ತಗ್ಗಿಸಿ ಮತ್ತೆ ಕೂರಿಸಿ.