‘ನಾನು ವರ್ಣಭೇದಿಯೇ?’ ಎಂದು ಕೇಳಿದ ಶಿಕ್ಷಕಿ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಅವರ ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಅವರು ನಲವತ್ತೈದರ ಆಸುಪಾಸಿನ ಬಿಳಿಯ ಮಹಿಳೆ. ಅಮೆರಿಕದ ಮಿನೆಸೋಟಾ ರಾಜ್ಯದ ಮಿನ್ನಿಯಾಪೊಲಿಸ್ ನಗರದ ಮಾಧ್ಯಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಿದ್ರೆ ಬಾರದಿರುವುದು, ಎದೆ ಡವಗುಟ್ಟುವುದು, ಪಾಠದ ನಡುವೆಯೇ ಕಣ್ಣೀರು ಉಕ್ಕುವುದು ಎಂಬ ತೊಂದರೆಗಳಿಗೆ ದೈಹಿಕ ಕಾರಣವೇನೂ ಸಿಗದಿದ್ದಾಗ ಅವರ ಕುಟುಂಬವೈದ್ಯರು ಆಪ್ತಸಲಹೆ ಪಡೆಯಲು ಸೂಚಿಸಿದ್ದರು, ಹಾಗೆ ನನ್ನ ಬಳಿಗೆ ಬಂದರು.

ಅವರ ಸಂಕಟದ ಕೇಂದ್ರದಲ್ಲಿದ್ದುದು ಒಂದು ಸ್ನೇಹ. ಹಲವು ವರ್ಷ ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತ ಆಪ್ತರಾಗಿದ್ದ ಕಪ್ಪುವರ್ಣೀಯ ಸಹೋದ್ಯೋಗಿಯೊಬ್ಬರು ಕೆಲಸದ ಮಾತಿನ ಹೊರತು ಬೇರೇನನ್ನೂ ಆಡುವುದನ್ನು ನಿಲ್ಲಿಸಿದ್ದರು. 2020ರ ಮೇ 25ರಂದು ಇದೇ ನಗರದ 38ನೇ ಬೀದಿಯೂ ಷಿಕಾಗೊ ಅವೆನ್ಯೂವೂ ಸೇರುವ ಜಾಗದಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಷಾವಿನ್, ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಕುತ್ತಿಗೆಯ ಮೇಲೆ ಮೊಣಕಾಲೂರಿ ಕಪ್ಪುವರ್ಣೀಯರಾದ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದ ಮೇಲೆ, ನನ್ನ ಸಲಹಾರ್ಥಿ ಮನೆಯಂಗಳದಲ್ಲಿ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕಪ್ಪುವರ್ಣೀಯರ ಜೀವಕ್ಕೂ ಬೆಲೆಯಿದೆ) ಎಂಬ ಫಲಕ ನೆಟ್ಟರು, ಪುಸ್ತಕಗಳನ್ನು ತರಿಸಿ ಓದಿದರು, ಓದಿ ಮನಸ್ಸು ಕಲಕಿದಾಗಲೆಲ್ಲ ಅಪರಾತ್ರಿಯಲ್ಲೂ ಆ ಸಹೋದ್ಯೋಗಿಗೆ ಸಂದೇಶ ಕಳುಹಿಸಿ ಕ್ಷಮೆ ಕೇಳಿದರು. ಆಕೆ ಬಹಳ ಕಾಲ ಸಹಿಸಿಕೊಂಡರು.

ಸಹನೆ ಮುಗಿದದ್ದು ಶಾಲೆಯ ಶಿಸ್ತುಸಮಿತಿಯ ಸಭೆಯೊಂದರ ನಂತರ. ಎದುರುತ್ತರ ಕೊಟ್ಟನೆಂದು ಕಪ್ಪುವರ್ಣೀಯ ಹುಡುಗನೊಬ್ಬನನ್ನು ಶಾಲೆಯಿಂದ ಮೂರು ದಿನ ಹೊರಗಿಡುವ ತೀರ್ಮಾನವಾಯಿತು. ಅದೇ ವರ್ಷ ಅಂಥದೇ ತಪ್ಪು ಮಾಡಿದ ಬಿಳಿಯ ಹುಡುಗನನ್ನು ಮನೆಗೊಂದು ಫೋನ್ ಮಾಡಿ ಬಿಟ್ಟಿದ್ದರು. ಆ ಬಿಳಿಯ ಹುಡುಗ ನನ್ನ ಸಲಹಾರ್ಥಿಯ ತರಗತಿಯವನೇ ಆಗಿದ್ದರಿಂದ ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಮಿತಿಯ ಸದಸ್ಯೆಯಾಗಿದ್ದೂ ಅವರು ತುಟಿ ಬಿಚ್ಚಲಿಲ್ಲ. ಸಭೆ ಮುಗಿದ ಮೇಲೆ ಸಹೋದ್ಯೋಗಿಯ ಕೋಣೆಗೆ ಹೋಗಿ, “ಮನಸ್ಸಿನಲ್ಲಿ ನಾನು ನಿಮ್ಮ ಕಡೆಯೇ ಇದ್ದೆ” ಎಂದು ಅತ್ತರು. “ಅಲ್ಲಿ ಸುಮ್ಮನಿದ್ದು ಇಲ್ಲಿ ಬಂದು ಅಳಬೇಡಿ. ನಿಮ್ಮನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ” ಎಂದು ಆಕೆ ಉತ್ತರಿಸಿದರು.

“ನಾನು ವರ್ಣಭೇದಿಯೇ? ನೀವೇ ಹೇಳಿ” ಎಂಬುದು ಸಲಹಾರ್ಥಿ ನನ್ನ ಮುಂದಿಟ್ಟ ಪ್ರಶ್ನೆ. ಅದಕ್ಕೆ ಉತ್ತರಿಸುವುದಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದೆ. ಅಲ್ಲವೆಂದರೆ ಅವರಿಗೆ ನೆಮ್ಮದಿ ಸಿಗುತ್ತಿತ್ತು, ಹೌದೆಂದರೆ ಇನ್ನೊಂದು ಸುತ್ತು ಅಳು ಬರುತ್ತಿತ್ತು. ಎರಡರಿಂದಲೂ ಹೊರಗಿಡಲಾದ ಆ ಹುಡುಗನ ಶಾಲಾ ದಾಖಲೆಯಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ನಮ್ಮ ವೃತ್ತಿಯಲ್ಲಿ ಇಂಥ ಅಪರಾಧಪ್ರಜ್ಞೆಯನ್ನು ‘ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ’ ಎಂಬ ಭರವಸೆಯಿಂದ ಕರಗಿಸುವವರಿದ್ದಾರೆ. ನನಗೆ ಆ ದಾರಿ ಒಪ್ಪಿಗೆಯಿಲ್ಲ, ಏಕೆಂದರೆ ಅವರ ನೋವಿನೊಳಗೆ ನಿಜವಾದ ಒಂದು ಹೊಣೆಯೂ ಇತ್ತು.

ನಿದ್ರೆಯ ವಿಚಾರದಲ್ಲಿ ವಿಶೇಷವೇನಿಲ್ಲ: ಮಲಗುವ ಕೋಣೆಯಿಂದ ಫೋನು ಹೊರಗೆ, ಹಿಂಸೆಯ ವಿಡಿಯೊಗಳನ್ನು ಮತ್ತೆ ಮತ್ತೆ ನೋಡುವ ಚಟಕ್ಕೆ ತಡೆ, ಏಳುವ ಹೊತ್ತಿಗೆ ಒಂದು ನಿಯಮ. ಕೆಲವೇ ವಾರಗಳಲ್ಲಿ ಸುಧಾರಣೆ ಕಂಡಿತು.

ನನ್ನನ್ನೇ ಏಕೆ ಆರಿಸಿಕೊಂಡಿರೆಂದು ಕೇಳಿದಾಗ, “ನೀವು ಬಿಳಿಯರೂ ಅಲ್ಲ, ಕಪ್ಪುವರ್ಣೀಯರೂ ಅಲ್ಲ, ನಿಮ್ಮ ಮುಂದೆ ಹೇಳಿಕೊಳ್ಳುವುದು ಸುಲಭ” ಎಂದರು. ಭಾರತೀಯಳಾದ ನಾನು ತಟಸ್ಥಳೆಂಬ ಭಾವನೆಯನ್ನು ಹಾಗೇ ಬಿಡುವಂತಿರಲಿಲ್ಲ. ಅಮೆರಿಕದ ಪೌರತ್ವ ಕೋರಿದ್ದ ಭಾರತೀಯ ವಲಸಿಗ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲವೆಂದು 1923ರಲ್ಲಿ ತೀರ್ಪಿತ್ತು ಭಾರತೀಯರಿಗೆ ಪೌರತ್ವದ ಬಾಗಿಲು ಮುಚ್ಚಿದ್ದು ಈ ದೇಶದ ಸುಪ್ರೀಂ ಕೋರ್ಟು. ನಮ್ಮಂಥವರು ದೊಡ್ಡ ಸಂಖ್ಯೆಯಲ್ಲಿ ಬರುವಂತಾದದ್ದು 1965ರ ವಲಸೆ ಕಾನೂನಿನಿಂದ, ಅಂದರೆ ಕಪ್ಪುವರ್ಣೀಯರ ನಾಗರಿಕ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಬದಲಿಸಿದ ಮೇಲೆ. ಹೀಗೆ ಬಂದ ನಾವು ಮನೆ ಹುಡುಕುವಾಗ ‘ಸ್ಕೂಲ್ ಡಿಸ್ಟ್ರಿಕ್ಟ್ (ಆ ಪ್ರದೇಶದ ಸರ್ಕಾರಿ ಶಾಲೆಗಳ ವಲಯ) ಹೇಗಿದೆ?’ ಎಂದು ಮೊದಲು ಕೇಳುತ್ತೇವೆಯೇ ಹೊರತು, ಶಾಲೆಗೆ ಬರುವ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿತೆರಿಗೆಯದಾದ ದೇಶದಲ್ಲಿ ಒಳ್ಳೆಯ ಶಾಲೆ ಯಾರ ಬೀದಿಯಲ್ಲಿ, ಏಕೆ ಇದೆಯೆಂದು ಕೇಳುವುದು ಕಡಿಮೆ. ಇದನ್ನು ಅವರಿಗೂ ಹೇಳಿದೆ.

ಆ ಮಾತಿನಿಂದಲೇ ಅವರ ಮನೆಯ ಸಂಗತಿ ಬಂತು. ಎರಡನೇ ಮಹಾಯುದ್ಧದಿಂದ ಮರಳಿದ ಅವರ ತಾತ, ಸೈನಿಕರಿಗಾಗಿ 1944ರಲ್ಲಿ ಬಂದ ಜಿಐ ಕಾಯ್ದೆಯ ನೆರವಿನಿಂದ ಸಾಲ ಪಡೆದು ಕೊಂಡ ಮನೆಯಲ್ಲಿಯೇ ಅವರು ಈಗಲೂ ವಾಸಿಸುತ್ತಾರೆ. ಹಳೆಯ ಕ್ರಯಪತ್ರ ತಂದು ತೋರಿಸಿದರು. ಆಸ್ತಿಯನ್ನು ಬಿಳಿಯರಲ್ಲದವರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಷರತ್ತು ಅದರಲ್ಲಿತ್ತು. ಮಿನ್ನಿಯಾಪೊಲಿಸ್‌ನ ಕ್ರಯಪತ್ರಗಳಲ್ಲಿ ಇಂಥ ಷರತ್ತುಗಳು 1910ರಿಂದ ಕಾಣಿಸಿಕೊಂಡವು. ಮಿನೆಸೋಟಾ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಪ್ರೆಜುಡಿಸ್’ ಯೋಜನೆ ಅವುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹುಡುಕಿ ನಕ್ಷೆಯ ಮೇಲೆ ಗುರುತಿಸಿದೆ. ನ್ಯಾಯಾಲಯಗಳು ಅವನ್ನು ಜಾರಿಗೊಳಿಸಬಾರದೆಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ವಸತಿ ತಾರತಮ್ಯವನ್ನು ರಾಷ್ಟ್ರಮಟ್ಟದ ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಬಿಳಿಯರ ಮನೆಗಳು ಬೆಲೆ ಏರಿಸಿಕೊಂಡು ಮಕ್ಕಳಿಗೆ ದಾಟಿದ್ದವು. 2019ರಲ್ಲಿ ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ನಡೆಸಿದ ಸಮೀಕ್ಷೆಯ ಪ್ರಕಾರ ಬಿಳಿಯ ಕುಟುಂಬದ ಮಧ್ಯಮಾಂಕ ಸಂಪತ್ತು (ಅರ್ಧದಷ್ಟು ಕುಟುಂಬಗಳದ್ದು ಇದಕ್ಕಿಂತ ಹೆಚ್ಚು, ಅರ್ಧದಷ್ಟರದ್ದು ಕಡಿಮೆ) 1,88,200 ಡಾಲರ್, ಕಪ್ಪುವರ್ಣೀಯ ಕುಟುಂಬದ್ದು 24,100 ಡಾಲರ್.

“ನನ್ನ ತಾತ ಯಾರನ್ನೂ ದ್ವೇಷಿಸಿದವರಲ್ಲ” ಎಂದರು. ಇರಬಹುದು, ನಾನು ಅನುಮಾನಿಸಲಿಲ್ಲ. ಅವರು ದ್ವೇಷಿಸಬೇಕಾದ ಅಗತ್ಯವೇ ಇರಲಿಲ್ಲ. ಕ್ರಯಪತ್ರ, ಬ್ಯಾಂಕು, ಸರ್ಕಾರದ ಸಾಲಖಾತರಿ ಸೇರಿ ಕಪ್ಪುವರ್ಣೀಯರನ್ನು ಹೊರಗಿಡುವ ಕೆಲಸವನ್ನು ಅವರ ಪರವಾಗಿ ಮಾಡಿ ಮುಗಿಸಿದ್ದವು. ಈ ಮಾತು ಅರ್ಥವಾದ ಮೇಲೆ, ತಾವು ಒಳ್ಳೆಯವರೋ ಕೆಟ್ಟವರೋ ಎಂಬ ವಿಚಾರಣೆ ಅವರಲ್ಲಿ ತಾನಾಗಿಯೇ ಸಡಿಲವಾಯಿತು.

ನಾನು ಕೊಟ್ಟ ಸಲಹೆಯ ತಿರುಳು ಇಷ್ಟು. ಸಹೋದ್ಯೋಗಿಗೆ ಇನ್ನು ಕ್ಷಮೆಯ ಸಂದೇಶ ಕಳುಹಿಸಬಾರದು, ತಾವು ಮಾಡಿದ್ದನ್ನು ಆಕೆಗೆ ವರದಿ ಒಪ್ಪಿಸಲೂಬಾರದು. ಅಳು ಬಂದರೆ ನನ್ನ ಬಳಿ, ಗಂಡನ ಬಳಿ, ಇದೇ ದಾರಿಯಲ್ಲಿರುವ ಇತರ ಬಿಳಿಯರ ಬಳಿ ಅಳಬೇಕು. ಎರಡನೆಯದಾಗಿ, ತಮ್ಮ ಓಟಿಗೂ ಸಹಿಗೂ ಬೆಲೆಯಿರುವ ಜಾಗದಲ್ಲಿ ಕೆಲಸ ಮಾಡಬೇಕು. ನಾಗರಿಕ ಹಕ್ಕುಗಳ ಹೋರಾಟದ ಯುವ ಸಂಘಟನೆಯಾದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ನಾಯಕ ಸ್ಟೋಕ್ಲಿ ಕಾರ್ಮೈಕಲ್ ಮೊದಲಾದವರು 1966ರಲ್ಲಿಯೇ ಬಿಳಿಯ ಕಾರ್ಯಕರ್ತರಿಗೆ ಹೇಳಿದ್ದು ಇದನ್ನೇ: ವರ್ಣಭೇದವಿರುವುದು ನಿಮ್ಮ ಜನರ ನಡುವೆ, ಅಲ್ಲಿ ಹೋಗಿ ಸಂಘಟಿಸಿ. ಈ ಶಿಕ್ಷಕಿಗೆ ಆ ಜಾಗ ಶಿಸ್ತುಸಮಿತಿ. ದೇಶದ ಶಿಕ್ಷಣ ಇಲಾಖೆ 2011–12ರ ಸಾಲಿಗೆ ಸಂಗ್ರಹಿಸಿದ ಅಂಕಿಅಂಶಗಳಲ್ಲಿ ಕಪ್ಪುವರ್ಣೀಯ ಮಕ್ಕಳು ಬಿಳಿಯ ಮಕ್ಕಳ ಮೂರು ಪಟ್ಟು ಪ್ರಮಾಣದಲ್ಲಿ ಶಾಲೆಯಿಂದ ಅಮಾನತಾಗಿದ್ದರು. ತಮ್ಮ ಶಾಲೆಯ ಲೆಕ್ಕ ಏನೆಂದು ಸಭೆಯಲ್ಲಿ ಕೇಳಿ ದಾಖಲಿಸುವ ಹಕ್ಕು ಸದಸ್ಯೆಯಾದ ಅವರಿಗಿತ್ತು.

ಆಗ ಅವರು ವಿಯೋಲಾ ಲಿಯುಝೊ ಹೆಸರೆತ್ತಿದರು. ಡೆಟ್ರಾಯಿಟ್‌ನ ಈ ಬಿಳಿಯ ತಾಯಿ ಕಪ್ಪುವರ್ಣೀಯರ ಮತದಾನದ ಹಕ್ಕಿಗಾಗಿ ನಡೆದ 1965ರ ಸೆಲ್ಮಾ ಮೆರವಣಿಗೆಗೆ ಬಂದವರನ್ನು ಕಾರಿನಲ್ಲಿ ಕರೆದೊಯ್ಯುವ ಕೆಲಸದಲ್ಲಿದ್ದಾಗ ಬಿಳಿಯರೇ ಶ್ರೇಷ್ಠರೆಂದು ಹಿಂಸೆಗಿಳಿದ ಕು ಕ್ಲಕ್ಸ್ ಕ್ಲಾನ್ ಗುಂಪಿನವರ ಗುಂಡಿಗೆ ಬಲಿಯಾದರು. “ಅಂಥ ಧೈರ್ಯ ನನ್ನಲ್ಲಿಲ್ಲ” ಎಂದರು ಸಲಹಾರ್ಥಿ. ಪ್ರಾಣವನ್ನು ಯಾರೂ ಕೇಳಿಲ್ಲ, ಕೇಳಿದ್ದು ಸಭೆಯಲ್ಲಿ ಎರಡು ವಾಕ್ಯ ಎಂದು ನೆನಪಿಸಿದೆ. ಹುತಾತ್ಮರ ಜೊತೆ ಹೋಲಿಸಿಕೊಂಡು ಕೈಚೆಲ್ಲುವುದು ಸುಮ್ಮನಿರುವುದಕ್ಕೆ ಸಿಗುವ ಬಹಳ ಗೌರವಯುತವಾದ ನೆಪ.

ಆ ಎರಡು ವಾಕ್ಯಗಳನ್ನು ನನ್ನ ಕೊಠಡಿಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದರು. ಮುಂದಿನ ಸಭೆಯಲ್ಲಿ ದನಿ ನಡುಗಿದರೂ ಲೆಕ್ಕ ಕೇಳಿದರು. ಮುಖ್ಯೋಪಾಧ್ಯಾಯರು ಮುಖ ಗಂಟಿಕ್ಕಿದರು. ಇಬ್ಬರು ಬಿಳಿಯ ಶಿಕ್ಷಕರು ಊಟದ ಮೇಜಿನಲ್ಲಿ ಅವರನ್ನು ಬಿಟ್ಟು ಕೂರತೊಡಗಿದರು. ಲೆಕ್ಕ ಬರಲು ತಿಂಗಳುಗಳೇ ಹಿಡಿದವು, ಬಂದ ಮೇಲೆ ಅಮಾನತಿಗೆ ಮೊದಲು ಲಿಖಿತ ಕಾರಣ ಕೊಡಬೇಕೆಂಬ ನಿಯಮ ಒಪ್ಪಿಗೆಯಾಯಿತು. ಕ್ರಯಪತ್ರದ ಷರತ್ತನ್ನು ನಿರಾಕರಿಸುವ ದಾಖಲೆ ಸಲ್ಲಿಸಲು ಮನೆಯೊಡೆಯರಿಗೆ ಮಿನೆಸೋಟಾ 2019ರ ಕಾನೂನಿನಲ್ಲಿ ಅವಕಾಶ ಕೊಟ್ಟಿದೆ, ಅದನ್ನೂ ಸಲ್ಲಿಸಿದರು. ಅದರ ಚಿತ್ರವನ್ನು ಫೇಸ್‌ಬುಕ್ಕಿಗೆ ಹಾಕಲೇ ಎಂದು ಕೇಳಿದಾಗ, ಯಾರ ಮೆಚ್ಚುಗೆಗಾಗಿ ಎಂದು ಮರುಪ್ರಶ್ನಿಸಿದೆ, ಹಾಕಲಿಲ್ಲ.

ಸ್ನೇಹ ಮರಳಿಲ್ಲ. ಸಹೋದ್ಯೋಗಿ ಎದುರಾದರೆ ನಮಸ್ಕಾರದಷ್ಟು ಮಾತು, ಕೆಲಸವಿದ್ದರೆ ಈಮೇಲ್. ನಿಯಮ ಬದಲಾದದ್ದನ್ನು ಆಕೆಗೆ ತಿಳಿಸಿ ಒಂದು ಪತ್ರ ಬರೆಯಲೇ ಎಂದು ಕಳೆದ ಬಾರಿ ಸಲಹಾರ್ಥಿ ಮತ್ತೆ ಕೇಳಿದರು. ಬೇಡವೆಂದೆ, ಆಕೆ ಅದೇ ಶಾಲೆಯಲ್ಲಿದ್ದಾರೆ, ನಿಯಮ ಅವರಿಗೂ ಗೊತ್ತಿದೆ. ಈಗ ನಾವು ತಿಂಗಳಿಗೊಮ್ಮೆ ಭೇಟಿಯಾಗುತ್ತಿದ್ದೇವೆ, ಮಾತು ಹೆಚ್ಚಾಗಿ ಆ ಊಟದ ಮೇಜಿನ ಬಗ್ಗೆ.